ಹೋಗಿರೋದು ಒಂದು ಗೇಣು

"ಇಡೀ ಕಿಟಕಿ ಹೋಗಿದೆ. ಎಲ್ಲಾ ಕಿತ್ತು ಹೊಸದು ಹಾಕೋಣ" ಎಂದರು ಕಂಟ್ರಾಕ್ಟರ್, ಹಳೇ ಕಟ್ಟಡದ ಮರದ ಕಿಟಕಿ ನೋಡಿ. ಬಡಗಿ ಏನೂ ಹೇಳಲಿಲ್ಲ. ಚೂಪಾದ ಉಳಿ ತೆಗೆದು ಕೆಳಗಿನ ಮೂಲೆಗೆ ಒತ್ತಿದರು. ಸಲೀಸಾಗಿ ಒಳಗೆ ಹೋಯಿತು. ಒಂದು ಗೇಣು ಮೇಲೆ ಒತ್ತಿದರು. ಟಕ್ ಅಂತ ನಿಂತಿತು.

"ಹೋಗಿರೋದು ಇಷ್ಟೇ."

ಈ ವಾರವೆಲ್ಲ ಆ 'ಟಕ್' ನನ್ನ ತಲೆಯಲ್ಲೇ ಇದೆ. ಕಂಟ್ರಾಕ್ಟರ್ ಕೆಟ್ಟ ಮನುಷ್ಯರಲ್ಲ, ಅವಸರದವರು. ಬಣ್ಣ ಎದ್ದಿದ್ದು ಕಂಡರೆ ಮರವೇ ಸತ್ತಿತು ಎಂದು ತೀರ್ಮಾನಿಸುತ್ತಾರೆ. ಬಡಗಿ ಸಿಡುಕ. ಹುಡುಗನೊಬ್ಬ ಗ್ರೈಂಡರ್ ಹಿಡಿದು ಬಣ್ಣ ಉಜ್ಜಲು ಬಂದಾಗ ಗದರಿಯೇ ಬಿಟ್ಟರು. ಅದರಲ್ಲಿ ತಪ್ಪೇನಿಲ್ಲ ಬಿಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳು ಉಸಿರಿಗೆ ಹೋಗಬಾರದು. ಅದಕ್ಕೇ ಒದ್ದೆ ಮಾಡಿ ಕೆರೆಯುವುದು.

ಹಳೇ ಕಿಟಕಿ ಹೆಚ್ಚಾಗಿ ಹಾಳಾಗುವುದು ಕೆಳಗಿನಿಂದ. ಅಡ್ಡಪಟ್ಟಿಯೂ ನಿಲುವುಪಟ್ಟಿಯೂ ಸೇರುವ ಸಂದಿಯಲ್ಲಿ ನೀರು ಕೂರುತ್ತದೆ. ಮರದ ಕಡಿದ ತುದಿ ಆ ನೀರನ್ನು ಗಟಗಟ ಹೀರುತ್ತದೆ. ಮೇಲಿನ ಭಾಗ ಒಳ್ಳೇ ಚೇಗಿನ, ಅಂದರೆ ಕಾಂಡದ ಒಳತಿರುಳಿನ ಮರವಾಗಿದ್ದರೆ ಹಾಗೇ ಗಟ್ಟಿಯಾಗಿರುತ್ತದೆ. ಕೊಳೆತದ್ದನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಅದರ ಎಳೆಗಳ ದಿಕ್ಕು ಹೊಂದಿಸಿ ಕೂಡಿಸಿದರಾಯಿತು. ಗಾಜಿನ ಸುತ್ತ ಅಗಸೆ ಎಣ್ಣೆಯ ಪುಟ್ಟಿ, ಮೇಲೆ ಬಣ್ಣ.

"ಜೋಡಿಸಿದ ಗೆರೆ ಕಾಣುತ್ತಲ್ಲ?" ಎಂದು ಮಾಲೀಕರು ಕೇಳಿದರು. ಕಂಡರೇನಂತೆ? ಹಳೇ ಕಟ್ಟಡಗಳನ್ನು ಉಳಿಸಿಕೊಳ್ಳುವ ಬಗ್ಗೆ ಹಲವು ದೇಶಗಳ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ. ಹೊಸ ತುಂಡು ಉಳಿದದ್ದರ ಜೊತೆ ಹೊಂದಿಕೊಳ್ಳಬೇಕು, ಆದರೆ ಹಳೆಯದರಂತೆ ನಟಿಸಬಾರದು.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಬಡಗಿ ಒಂದು ಮರದ ಮೊಳೆಯನ್ನು ಮೆಲ್ಲಗೆ ಬಡಿದು ಹೊರತೆಗೆದರು. ಅಷ್ಟೇ, ಪಟ್ಟಿಗಳು ಬಿಚ್ಚಿಕೊಂಡವು. ಅಂದರೆ ಅದನ್ನು ಮಾಡಿದವನಿಗೆ ಮುಂದೊಬ್ಬ ಬಂದು ಬಿಚ್ಚುತ್ತಾನೆ ಅಂತ ಗೊತ್ತಿತ್ತು, ಅಲ್ವಾ? ಮುಖವೇ ಕಾಣದ ಒಬ್ಬ ಕೆಲಸಗಾರನಿಗೆ ದಾರಿ ಬಿಟ್ಟು ಹೋಗಿದ್ದ. ಈಗಿನ ಜೋಡಿಗಾಜಿನ ಕಿಟಕಿಯಲ್ಲಿ ಸೀಲ್ ಬಿಟ್ಟರೆ ಗಾಜುಗಳ ನಡುವೆ ಮಂಜು ಕಟ್ಟುತ್ತದೆ. ಆಗ ಸಾಮಾನ್ಯವಾಗಿ ಆ ಗಾಜಿನ ಜೋಡಿಯನ್ನೇ ಬದಲಿಸಬೇಕು. ನಾವು ಮಾಡುವ ವಸ್ತುಗಳಲ್ಲಿ ಮುಂದಿನವನಿಗೆ ಜಾಗವೇ ಇಲ್ಲ. ಕೈಯಲ್ಲಿರುವ ಫೋನಿನಿಂದ ಹಿಡಿದು ಕೂರುವ ಕುರ್ಚಿಯವರೆಗೆ ಇದೇ ಕಥೆ.

ಕೊನೆಗೆ ಒಂದು ರಾಜಿ ಆಯಿತು. ಮುಂಭಾಗದ ಕಿಟಕಿಗಳು ದುರಸ್ತಿಗೆ, ಹಿಂಭಾಗದವು ಗುಜರಿಗೆ. "ಹಿಂದುಗಡೆ ಯಾರು ನೋಡ್ತಾರೆ?" ಎಂದರು ಮಾಲೀಕರು. ಮಳೆ ಅಷ್ಟಾಗಿ ಬಡಿಯದ ಬದಿ ಅದು. ಮರ ಅಲ್ಲೇ ಇನ್ನೂ ಚೆನ್ನಾಗಿದ್ದೀತು. ಸೋಮವಾರ ಮತ್ತೆ ಮಾತಿಗೆ ಕೂರುತ್ತೇವೆ. ಬಡಗಿಯೂ ಬರಲಿ ಎಂದಿದ್ದೇನೆ, ಸಿಡುಕಿದರೂ ಸರಿ.