ಶೇಕಡಾ ಇದೆ, ಹುದ್ದೆ ಎಲ್ಲಿ?

ಚಿಕ್ಕಮ್ಮನ ಮಗಳು ಮೊನ್ನೆ ಒಂದು ನೇಮಕಾತಿ ಅಧಿಸೂಚನೆ ಹಿಡಿದು ಬಂದಳು. "ಅಣ್ಣಾ, ಇದರಲ್ಲಿ ನಮಗೆ ಎಷ್ಟು ಹುದ್ದೆ ಇದೆ ನೋಡು" ಅಂದಳು. ವರ್ಗೀಕರಣದ ಪಟ್ಟಿ ನೋಡಿದವರಿಗೆ ಗೊತ್ತಿರುತ್ತೆ: ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1, 2ಎ, 2ಬಿ, 3ಎ, 3ಬಿ, ಒಂದೊಂದರ ಒಳಗೂ ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಮಾಜಿ ಸೈನಿಕ. ಪರಿಶಿಷ್ಟ ಜಾತಿಯ ಸಾಲಿನಲ್ಲಿ ಇದ್ದದ್ದು ಒಂದೇ ಹುದ್ದೆ, ಅದೂ ಮಾಜಿ ಸೈನಿಕರಿಗೆ. ಅವಳು ಸುಮ್ನೆ ಕಾಗದ ಮಡಚಿಟ್ಟಳು.

ನಾವೆಲ್ಲ ಜಗಳ ಆಡೋದು ಮೀಸಲಾತಿ ಶೇಕಡಾ ಎಷ್ಟು ಅಂತ. 2022ರಲ್ಲಿ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ 15 ಇದ್ದದ್ದು 17 ಆಯಿತು, ಪಂಗಡಕ್ಕೆ 3 ಇದ್ದದ್ದು 7 ಆಯಿತು. ಸಂತೋಷವೇ. ಆದರೆ ಕೆಲಸ ಸಿಗೋದು ಶೇಕಡಾದಿಂದ ಅಲ್ಲ, ಇಲಾಖೆಯ ರೋಸ್ಟರ್ ವಹಿಯಿಂದ. ಯಾವ ಬಿಂದು, ಅಂದರೆ ಸರದಿಯಲ್ಲಿ ಎಷ್ಟನೇ ಹುದ್ದೆ, ಯಾವ ವರ್ಗಕ್ಕೆ ಅಂತ ಅದರಲ್ಲಿ ಬರೆದಿರುತ್ತೆ, ಹೋದ ಸಲ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದಿನ ನೇಮಕ ಶುರು ಆಗಬೇಕು. ಆ ವಹಿ ಸರಿಯಾಗಿ ಬರೆಯದಿದ್ದರೆ, ಅಥವಾ ನೇಮಕವನ್ನೇ ಮಾಡದಿದ್ದರೆ, ಕಾನೂನಿನಲ್ಲಿ ಎಷ್ಟಿದ್ದರೇನು?

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡೋದು ಹೇಗೆ ಅಂತ ನೋಡೋಕೆ 1918ರಲ್ಲಿ ಮಿಲ್ಲರ್ ಸಮಿತಿ ಮಾಡಿದರಲ್ಲ, ಆ ಸಮಿತಿಯ ವರದಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಗಡುವು. ಏಳು ವರ್ಷದ ಒಳಗೆ ದೊಡ್ಡ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರ ಕೈಯಲ್ಲಿ ಇರಬೇಕು ಅಂತ ಹೇಳಿದರು. ನೂರು ವರ್ಷದ ಹಿಂದೆಯೇ ಯಾವಾಗ ಅನ್ನೋದನ್ನೂ ಯೋಚಿಸಿದ್ದರು, ಅಲ್ವಾ?

ಈಗ ಆ 'ಯಾವಾಗ' ಅನ್ನೋದೇ ಕಾಣೋದಿಲ್ಲ. ತುಂಬದೆ ಉಳಿದ ಮೀಸಲು ಹುದ್ದೆ ಕಳೆದುಹೋಗಬಾರದು ಅಂತಲೇ 2000ದಲ್ಲಿ ಸಂವಿಧಾನಕ್ಕೆ 16(4ಬಿ) ಸೇರಿಸಿದರು, ಅಂಥ ಬ್ಯಾಕ್‌ಲಾಗ್ ಹುದ್ದೆಗಳನ್ನು ಆಯಾ ವರ್ಷದ ಮೀಸಲಾತಿ ಶೇ 50 ದಾಟಬಾರದು ಅನ್ನೋ ಮಿತಿಗೆ ಲೆಕ್ಕ ಹಾಕುವಂತಿಲ್ಲ. ಆದರೂ ಹುದ್ದೆ ಖಾಲಿಯೇ ಉಳಿದು, ಅದೇ ಕೆಲಸಕ್ಕೆ ಹೊರಗುತ್ತಿಗೆಯವರು ಬರುತ್ತಾರೆ. ಚಾಲಕರು, ಡಾಟಾ ಎಂಟ್ರಿ ಆಪರೇಟರ್‌ಗಳು, ಸ್ವಚ್ಛತಾ ಕೆಲಸದವರು. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಅಂತ 2024ರಲ್ಲಿ ಸರ್ಕಾರ ಆದೇಶ ಮಾಡಿತು, ಒಳ್ಳೆಯದು. ಆದರೆ ನಮ್ಮವರಿಗೆ ಬೇಕಾಗಿದ್ದು ನಾಳೆ ಬರಬೇಡ ಅಂದರೆ ಮುಗಿದುಹೋಗುವ ಕೆಲಸ ಅಲ್ಲ, ಕಾಯಂ ಹುದ್ದೆ, ಬಡ್ತಿ, ಒಂದು ದಿನ ಕಡತಕ್ಕೆ ಸಹಿ ಹಾಕುವ ಕುರ್ಚಿ.

ಒಳಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಯ ಪಾಲನ್ನು ಅದರೊಳಗಿನ ಜಾತಿಗಳಿಗೆ ಬೇರೆ ಬೇರೆಯಾಗಿ ಹಂಚೋದು, ನ್ಯಾಯವಾದ ಬೇಡಿಕೆ, ನಾನೂ ಅದರ ಪರ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮೇಲೆ, ಅದು ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಅಂತ ರಾಜ್ಯ ಸಂಪುಟ ಅಕ್ಟೋಬರ್‌ನಲ್ಲಿ ನಿರ್ಧರಿಸಿತು. ಕಾರಣ ಅರ್ಥ ಆಗುತ್ತೆ. ಆದರೆ ಕಾದವರ ವಯಸ್ಸು ನಿಲ್ಲಲಿಲ್ಲ. ವಯೋಮಿತಿ ಸಡಿಲಿಸಬಹುದು, ಹೋದ ವರ್ಷಗಳ ಸಂಬಳ, ಸೇವಾ ಹಿರಿತನ ಯಾರು ಕೊಡುತ್ತಾರೆ? ನನ್ನ ತಂಗಿಗೆ ಈಗ 38.

ನಾವಿಬ್ಬರೂ ಸೇರಿ ಆ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದಿದ್ದೇವೆ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ರೋಸ್ಟರ್ ವಹಿಯ ನಕಲು, ಬ್ಯಾಕ್‌ಲಾಗ್ ಹುದ್ದೆಗಳ ಪಟ್ಟಿ, ಪ್ರತಿಯೊಂದೂ ಯಾವ ವರ್ಷದಿಂದ ಖಾಲಿ ಇದೆ, ಇಷ್ಟನ್ನೇ ಕೇಳಿದ್ದೇವೆ. ನಿಮ್ಮ ಮನೆಯಲ್ಲೂ ಹೀಗೆ ಕಾಯುತ್ತಿರುವವರು ಇದ್ದರೆ ಇದೇ ಮೂರು ಪ್ರಶ್ನೆ ಕೇಳಿಸಿ.