ಹೊಳೆದಂಡೆಯ ಹೂವಿನ ಮೇಲೆ ಜೇನಲ್ಲದ ಜೇನು

ಗುಡ್ಡದ ತುದಿಯ ನೋಟ ಚೆನ್ನಾಗಿತ್ತು, ಅಷ್ಟು ಸಾಕು. ಈ ಪ್ರವಾಸದಲ್ಲಿ ಬರೆಯುವಂಥದ್ದು ಸಿಕ್ಕಿದ್ದು ಕೆಳಗೆ, ಹೊಳೆಯಿಂದ ಬೇರ್ಪಟ್ಟು ಕೊಳೆತ ಎಲೆ ತುಂಬಿಕೊಂಡ ಗುಂಡಿಯ ಪಕ್ಕದಲ್ಲಿ. ಅಲ್ಲಿನ ಹೂಗೊಂಚಲಿನ ಮೇಲೆ ಜೇನುಗಳು. ಕಂದು ಮೈ, ಹೊಟ್ಟೆಯ ಮೇಲೆ ಕಿತ್ತಳೆ ಪಟ್ಟೆ, ಜೇನಿನದೇ ಗುಂಯ್ ಸದ್ದು. ಲೆನ್ಸ್ ಹತ್ತಿರ ಹೋದಾಗ ಕಂಡದ್ದು ಎರಡೇ ರೆಕ್ಕೆ. ಜೇನಿಗೆ ನಾಲ್ಕು ಇರಬೇಕು. ತಲೆಯ ಮೀಸೆ (ಆಂಟೆನಾ) ಜೇನಿನದರಂತೆ ಉದ್ದವಾಗಿ ಮಡಿಚಿಕೊಂಡಿಲ್ಲ. ಮೋಟಾಗಿದೆ, ಅದರಿಂದ ಒಂದು ಸಣ್ಣ ಕೂದಲು ಚಾಚಿದೆ. ನೊಣವೇ.

ಜೇನು ರೆಕ್ಕೆ ಮಡಿಚಿ ಕೂತಾಗ ಹಿಂದಿನ ಜೋಡಿ ಅಡಗಿರುತ್ತದೆ, ಹಾಗಾಗಿ ರೆಕ್ಕೆ ಎಣಿಕೆಯೊಂದನ್ನೇ ನೆಚ್ಚುವಂತಿಲ್ಲ. ಮೀಸೆ ಮೋಸ ಮಾಡುವುದು ಕಡಿಮೆ. ಮುಂದಿನದು ರೆಕ್ಕೆಯ ಗೆರೆಗಳು. ನಡುವೆ ಎಲ್ಲಿಗೂ ಸೇರದ ಒಂದು ಸುಳ್ಳು ಗೆರೆ, ಹೊರ ಅಂಚಿಗೆ ಸಮಾನಾಂತರವಾಗಿ ಓಡುವ ಇನ್ನೊಂದು ಗೆರೆ ಕಂಡರೆ ಸಿರ್ಫಿಡೇ ಕುಟುಂಬ, ಅಂದರೆ ಹೋವರ್ ನೊಣ. ಅದರಲ್ಲೂ ರೆಕ್ಕೆಯ ಮೇಲ್ಭಾಗದ ಉದ್ದ ಗೆರೆಯೊಂದು ಕೆಳಗೆ ಆಳವಾಗಿ ಬಾಗಿ ಮತ್ತೆ ಮೇಲೇರಿದರೆ ಎರಿಸ್ಟಾಲಿಸ್ ಬಳಗ. ಕಣ್ಣಲ್ಲಿ ಚುಕ್ಕೆ ಅಥವಾ ಪಟ್ಟೆ ಇದ್ದರೆ ಅದೇ ಬಳಗದ ಎರಿಸ್ಟಾಲಿನಸ್ ಎಂಬ ಕುಲದ ಕಡೆಗೆ ನೋಡಬೇಕು. ಕಣ್ಣೆರಡೂ ನೆತ್ತಿಯಲ್ಲಿ ಕೂಡಿದ್ದರೆ ಸಾಮಾನ್ಯವಾಗಿ ಗಂಡು. ಕೊಳೆತ ಗುಂಡಿಯೂ ಸುಮ್ಮನೆ ಅಲ್ಲಿರಲಿಲ್ಲ: ಈ ಬಳಗದ ಮರಿಗಳು ಇಂಥ ನೀರಲ್ಲೇ ಬೆಳೆಯುತ್ತವೆ, ಉಸಿರಾಡಲು ಉದ್ದ ಬಾಲದಂಥ ಕೊಳವೆಯನ್ನು ಮೇಲಕ್ಕೆ ಚಾಚುತ್ತವೆ.

ಇದಕ್ಕೆಲ್ಲ ಮೇಲಿನಿಂದ ತೆಗೆದ ಒಂದು ಚೆಂದದ ಫೋಟೊ ಸಾಲದು. ಬೆನ್ನು, ಪಕ್ಕ, ಮುಖ ಮೂರೂ ಬೇಕು. ಮೇಲಾಗಿ ರೆಕ್ಕೆ ಚಪ್ಪಟೆಯಾಗಿ, ಕ್ಯಾಮೆರಾಗೆ ಸಮಾನಾಂತರವಾಗಿ ಬರಬೇಕು. ಮ್ಯಾಕ್ರೋ ಲೆನ್ಸ್, ಎಫ್/11ರ ಆಸುಪಾಸಿನ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ಫ್ಲ್ಯಾಶಿಗೆ ಬೆಳಕು ಹರಡುವ ಹೊದಿಕೆ. ಹೊದಿಕೆ ಇಲ್ಲದಿದ್ದರೆ ಹಸಿರು ಹೊಳಪಿನ ನೊಣಗಳ ಬೆನ್ನು ಬಿಳಿ ಮಚ್ಚೆಯಾಗಿ ಸುಟ್ಟುಹೋಗುತ್ತದೆ, ಅಲ್ಲಿನ ಕೂದಲು ಕಾಣುವುದಿಲ್ಲ. ನೊಣಗಳು ಇನ್ನೂ ತಣ್ಣಗಿದ್ದು ಮಂದವಾಗಿರುವ ಮುಂಜಾನೆಯೇ ಒಳ್ಳೆಯದು. ಆ ಮುಂಜಾನೆಯ ಒಳ್ಳೆಯ ಹೊತ್ತನ್ನು ಎಸಿ ವಾಹನ ತಿಂದಿತು! ತಣ್ಣನೆಯ ಲೆನ್ಸನ್ನು ಹೊಳೆಯ ತೇವದ ಗಾಳಿಗೆ ತೆಗೆದರೆ ಗಾಜು ಮಂಜು ಹಿಡಿಯದೆ ಇನ್ನೇನಾಗುತ್ತದೆ? ಒರೆಸಿದರೂ ಮತ್ತೆ ಹಿಡಿಯುತ್ತದೆ. ಕ್ಯಾಮೆರಾ ಮುಚ್ಚಿದ ಚೀಲದಲ್ಲೇ ಇರಲಿ, ಹೊರಗಿನಷ್ಟು ಬೆಚ್ಚಗಾದ ಮೇಲೆ ತೆಗೆಯಿರಿ.

ಮಧ್ಯಾಹ್ನ ಬಂಡೆಯ ಮೇಲೆ ಬೂದು ಬಣ್ಣದ ದಪ್ಪ ನೊಣ. ಎದೆಯ ಮೇಲೆ ಮೂರು ಕಪ್ಪು ಗೆರೆ, ಹೊಟ್ಟೆ ಚೌಕುಳಿ, ಕೆಂಪು ಕಣ್ಣು. ಮನೆನೊಣಕ್ಕಾದರೆ ಎದೆಯ ಮೇಲೆ ನಾಲ್ಕು ಗೆರೆ. ಜೊತೆಗಿದ್ದವರು ಫೋಟೊದಿಂದ ಕೀಟ ಗುರುತಿಸುವ ಆ್ಯಪ್ ತೆರೆದು ಫೋನ್ ಮುಂದೆ ಹಿಡಿದರು.

"ಆ್ಯಪ್ ಪ್ರಭೇದದ ಹೆಸರನ್ನೇ ಹೇಳ್ತಿದೆಯಲ್ಲ?"

"ಅದಕ್ಕೆ ಹೊಟ್ಟೆಯ ತುದಿ ಕಂಡಿಲ್ಲವಲ್ಲ."

"ತುದಿಯಲ್ಲಿ ಏನಿದೆ?"

"ಗಂಡಿನ ಜನನಾಂಗ. ಈ ಕುಟುಂಬದಲ್ಲಿ ಪ್ರಭೇದ ತೀರ್ಮಾನವಾಗುವುದು ಹೆಚ್ಚಾಗಿ ಅಲ್ಲೇ. ಅದನ್ನು ಹೊರಗೆಳೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು."

"ಹಾಗಾದರೆ ಏನಂತ ಬರೆಯೋದು?"

"ಸಾರ್ಕೋಫ್ಯಾಜಿಡೇ, ಅಂದರೆ ಮಾಂಸದ ನೊಣಗಳ ಕುಟುಂಬ. ಅಲ್ಲಿಗೆ ನಿಲ್ಲಿಸಿ."

ಅವರಿಗೆ ಸಮಾಧಾನವಾಗಲಿಲ್ಲ, ಆ್ಯಪ್ ಹೇಳಿದ ಹೆಸರನ್ನೇ ಬರೆದುಕೊಂಡರು. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಾದರೂ ಹಾಕಿಸಲು ಸಾಧ್ಯವಾಯಿತು.