ವಾರ್ಡಿನಲ್ಲಿ ಕಲಿತ ಇಂಗ್ಲಿಷ್

ನಾನು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ನರ್ಸ್. ವಯಸ್ಸಾದವರ ವಾರ್ಡ್ ನನ್ನದು. ಇಲ್ಲಿಗೆ ಬಂದು ನಾಲ್ಕನೇ ವರ್ಷ ನಡೆಯುತ್ತಿದೆ. ಬಂದ ಹೊಸದರಲ್ಲಿ ನಡೆದ ಒಂದು ಸಂಗತಿ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ರಾತ್ರಿ ಪಾಳಿ. ಸುಮಾರು ಎರಡು ಗಂಟೆ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಬೆಲ್ ಒತ್ತಿದರು. ಹೋದೆ. "ಐ ನೀಡ್ ಟು ಸ್ಪೆಂಡ್ ಎ ಪೆನಿ, ಲವ್" ಅಂದರು. ಪಕ್ಕದ ಹಾಸಿಗೆಯವರಿಗೆ ಕೇಳಿಸಬಾರದು ಅನ್ನುವಷ್ಟು ಮೆಲ್ಲಗೆ. ಏನೋ ಕೊಂಡುಕೊಳ್ಳಬೇಕಿದೆ ಅಂದುಕೊಂಡೆ. ಅಂಗಡಿ ಈಗ ಮುಚ್ಚಿದೆ, ಬೆಳಿಗ್ಗೆ ತಂದುಕೊಡುತ್ತೇನೆ ಅಂತ ಹೇಳಿದೆ. ಅವರು ನನ್ನ ಮುಖ ನೋಡಿದರು. ಎರಡನೇ ಸಲ ಹೇಳಲಿಲ್ಲ. ಅರ್ಧ ಗಂಟೆ ಬಿಟ್ಟು ಹೋದಾಗ ಹಾಸಿಗೆ ಒದ್ದೆಯಾಗಿತ್ತು. ತಪ್ಪು ನನ್ನದು, ಸಾರಿ ಕೇಳಿದ್ದು ಅವರು. ಬೆಡ್‌ಶೀಟ್ ಬದಲಿಸುವಾಗ ನನಗೆ ಅಳು ತಡೆಯಲಾಗಲಿಲ್ಲ.

ಜೊತೆಗಿದ್ದ ಹಿರಿಯ ನರ್ಸ್ ಆಮೇಲೆ ಅರ್ಥ ಹೇಳಿದರು. ಇಲ್ಲಿನ ಸಾರ್ವಜನಿಕ ಶೌಚಾಲಯದ ಬಾಗಿಲುಗಳಿಗೆ ಹಿಂದೆ ನಾಣ್ಯದ ಬೀಗ ಇರುತ್ತಿತ್ತಂತೆ. ಒಂದು ಪೆನಿ ಹಾಕಿದರೆ ಬಾಗಿಲು ತೆಗೆಯುತ್ತಿತ್ತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ ಜಾರ್ಜ್ ಜೆನ್ನಿಂಗ್ಸ್ ಅನ್ನುವವರು ಅಲ್ಲಿ ಶೌಚಾಲಯ ಮಾಡಿಸಿ ಒಂದು ಪೆನಿ ತೆಗೆದುಕೊಳ್ಳುತ್ತಿದ್ದರು. ಒಂದು ಪೌಂಡಿಗೆ 240 ಪೆನಿ ಇದ್ದ ಕಾಲ ಅದು. ಆ ಲೆಕ್ಕ 1971ರವರೆಗೂ ನಡೆಯಿತು. ಬಾಗಿಲಿಲ್ಲದ ಜಾಗದಲ್ಲಿ ನಿಂತು ಮುಗಿಸುವ ಗಂಡಸರಿಗೆ ಸಾಮಾನ್ಯವಾಗಿ ಕಾಸು ಬೇಕಿರಲಿಲ್ಲ. ಹಾಗಾಗಿ ಈ ಮಾತು ಹೆಂಗಸರ ಬಾಯಲ್ಲೇ ಜಾಸ್ತಿ. ನನ್ನ ವಾರ್ಡಿನ ಅಜ್ಜಿಯರು ಆ ಹಳೇ ಪೆನಿಯನ್ನು ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತವರು.

ನಮ್ಮಲ್ಲೂ ಹಾಗೇ ಅಲ್ವಾ? ಶಾಲೆಯಲ್ಲಿ ಕಿರುಬೆರಳು ಎತ್ತಿ "ಒಂದಕ್ಕೆ, ಮಿಸ್" ಅನ್ನುತ್ತಿದ್ದೆವು. ನಮ್ಮ ತಾತ ಹಾಸಿಗೆ ಹಿಡಿದ ಮೇಲೂ "ಒಂದಕ್ಕೆ ಹೋಗ್ಬೇಕು ಕಣವ್ವ" ಅಂತಲೇ ಹೇಳುತ್ತಿದ್ದರು. ಪುಸ್ತಕ ಓದಿ ಕನ್ನಡ ಕಲಿತ ನರ್ಸ್ ಒಬ್ಬಳು ಅವರ ಪಕ್ಕ ನಿಂತಿದ್ದರೆ "ಏನು ಒಂದು?" ಅಂತ ಕೇಳುತ್ತಿದ್ದಳು. ತಾತ ಮುಖ ತಿರುಗಿಸಿ ಸುಮ್ಮನಾಗುತ್ತಿದ್ದರು. ಆ ಅಜ್ಜಿ ಸುಮ್ಮನಾದದ್ದೂ ಹಾಗೇ.

ಇಲ್ಲಿಗೆ ಬರುವ ಮೊದಲು ಮಂಗಳೂರಿನಲ್ಲಿ ಒಇಟಿ ಅನ್ನುವ, ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆಗೆ ಕೋಚಿಂಗ್ ತೆಗೆದುಕೊಂಡಿದ್ದೆ. ನುಡಿಗಟ್ಟುಗಳ ಒಂದು ಪಟ್ಟಿ ಕೊಟ್ಟಿದ್ದರು. ಎಲ್ಲಾ ಬಾಯಿಪಾಠ ಮಾಡಿದ್ದೆ. ಅದರಲ್ಲಿ ಮೊದಲನೆಯದೇ ಮಳೆ ಜೋರಾದರೆ "ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್". ಇಷ್ಟು ವರ್ಷದಲ್ಲಿ ಒಬ್ಬರ ಬಾಯಲ್ಲೂ ಅದನ್ನು ನಾನು ಕೇಳಿಲ್ಲ. ಮಳೆಗಂತೂ ಇಲ್ಲಿ ಬರ ಇಲ್ಲ. ಜನ "ಚಕಿಂಗ್ ಇಟ್ ಡೌನ್" ಅನ್ನುತ್ತಾರೆ. ಪಟ್ಟಿ ಕೊಟ್ಟವರನ್ನು ದೂರುತ್ತಿಲ್ಲ. ಆದರೆ ಹಾಸಿಗೆಯಲ್ಲಿ ಮಲಗಿದವರು ಆಡುವ ಮಾತು ಅದರಲ್ಲಿ ಒಂದೂ ಇರಲಿಲ್ಲ.

ಆ ರಾತ್ರಿಯ ಮಾರನೇ ದಿನವೇ ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್ ತಂದೆ. ಎರಡನೇ ಪುಟದಲ್ಲಿ "ನಾಟ್ ಟೂ ಕ್ಲೆವರ್" ಅಂತ ಇದೆ. ಬೆಳಿಗ್ಗೆ ಹೇಗಿದ್ದೀರಿ ಅಂತ ಕೇಳಿದರೆ "ನಾಟ್ ಫೀಲಿಂಗ್ ಟೂ ಕ್ಲೆವರ್ ಟುಡೇ" ಅನ್ನುತ್ತಾರೆ. ಬುದ್ಧಿಗೂ ಇದಕ್ಕೂ ಸಂಬಂಧವೇ ಇಲ್ಲ. ಮೈ ಸರಿಯಿಲ್ಲ ಅಂತ ಅರ್ಥ. ಇದನ್ನು ಕೇಳಿದ ತಕ್ಷಣ ಬಿಪಿ, ಜ್ವರ, ಆಕ್ಸಿಜನ್ ಎಲ್ಲಾ ನೋಡುತ್ತೇನೆ. ಈ ಊರಿನ ಹಿರಿಯರು ನೋವನ್ನು ಜಾಸ್ತಿ ಹೇಳಿಕೊಳ್ಳುವವರಲ್ಲ. ಇಷ್ಟು ಹೇಳಿದರೆಂದರೆ ಒಳಗೆ ಏನೋ ಆಗಿದೆ ಅಂತಲೇ ನಾನು ಹಿಡಿದುಕೊಳ್ಳುತ್ತೇನೆ.

"ಪೂರ್ಲಿ" ಇನ್ನೂ ಸೂಕ್ಷ್ಮ. ಮಗು ಶಾಲೆಗೆ ಹೋಗಿಲ್ಲ, ಪೂರ್ಲಿ ಅಂದರೆ ನೆಗಡಿ ಇರಬಹುದು. ಅದೇ ಮಾತನ್ನು ಡಾಕ್ಟರು ಮನೆಯವರನ್ನು ಕೂರಿಸಿಕೊಂಡು "ವೆರಿ ಪೂರ್ಲಿ" ಅಂದರೆ ಜೀವ ಉಳಿಯುವುದು ಕಷ್ಟ ಅಂತ ಹೇಳುತ್ತಿದ್ದಾರೆ ಅಂತ ತಿಳಿಯಬೇಕು. ಹೊರದೇಶದಿಂದ ಬಂದ ಮನೆಯವರಿಗೆ ಇದು ಎಷ್ಟೋ ಸಲ ತಲುಪುವುದೇ ಇಲ್ಲ. ಅಂಥ ಹೊತ್ತಿನಲ್ಲಿ ನಾನು ಅಲ್ಲೇ ನಿಂತು, ಡಾಕ್ಟರ ಒಪ್ಪಿಗೆ ಕೇಳಿ, ಬಿಡಿಸಿ ಹೇಳುತ್ತೇನೆ.

"ಪಿನ್ಸ್ ಅಂಡ್ ನೀಡಲ್ಸ್" ಅಂದರೆ ನಮ್ಮ ಜೋಮು. "ಫೇರ್ ಟು ಮಿಡ್ಲಿಂಗ್" ಅಂದರೆ ಅಷ್ಟಕ್ಕಷ್ಟೇ. ಹತ್ತಿಯಂಥ ಸರಕಿಗೆ ದರ್ಜೆ ಹಾಕುವ ಮಾತುಗಳು ಅವು. "ಗಿವ್ ಮೀ ಎ ಹ್ಯಾಂಡ್" ಅಂದರೆ ಸಹಾಯ ಮಾಡು ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮ ಭಾಷೆಯಲ್ಲಿ ಕೈ ಕೊಟ್ಟ ಅಂದರೆ ನಡುನೀರಿನಲ್ಲಿ ಬಿಟ್ಟ ಅಂತ! ಪದಕ್ಕೆ ಪದ ಇಟ್ಟುಕೊಂಡು ಕಲಿಯುವುದನ್ನು ನಾನು ಬಿಟ್ಟಿದ್ದು ಇಂಥವುಗಳಿಂದಲೇ. ಈಗ ಗೊತ್ತಾಗದಿದ್ದರೆ ನೇರವಾಗಿ ಕೇಳುತ್ತೇನೆ. "ಈ ಮಾತು ನನಗೆ ಹೊಸದು, ಹೇಳಿಕೊಡಿ" ಅಂದರೆ ಬೇಜಾರು ಮಾಡಿಕೊಂಡವರು ಒಬ್ಬರೂ ಇಲ್ಲ.

ನನಗೆ ಹೆಚ್ಚು ಹೇಳಿಕೊಟ್ಟವರು ಕಿಟಕಿ ಪಕ್ಕದ ಹಾಸಿಗೆಯ ಒಬ್ಬ ಹಿರಿಯರು. ಹೆಸರು ಬರೆಯುವ ಹಾಗಿಲ್ಲ. ಕ್ರಿಕೆಟ್ ಅಂದರೆ ಪ್ರಾಣ ಅವರಿಗೆ. ನಾನು ಕರ್ನಾಟಕದವಳು ಅಂದಿದ್ದೇ ತಡ, "ದ್ರಾವಿಡ್!" ಅಂದರು. 2002ರಲ್ಲಿ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ದ್ರಾವಿಡ್ 148 ಹೊಡೆದಾಗ ಅವರು ಮೈದಾನದಲ್ಲೇ ಇದ್ದರಂತೆ. ಮೋಡ ಕವಿದ ಮೊದಲ ದಿನ ಅಷ್ಟು ಹೊತ್ತು ನಿಂತು ಆಡಿದ್ದನ್ನು ಕೈಯಾಡಿಸಿ ತೋರಿಸುತ್ತಿದ್ದರು. ಅವರ ಕಿಡ್ನಿ ಕೆಟ್ಟಾಗ "ಸ್ಟಿಕಿ ವಿಕೆಟ್ ಮೇಲೆ ಇದ್ದೀನಿ" ಅಂದರು. ಹಿಂದೆ ಪಿಚ್‌ಗೆ ಹೊದಿಕೆ ಹಾಕುತ್ತಿರಲಿಲ್ಲ. ಮಳೆಗೆ ನೆನೆದ ಪಿಚ್ ಬಿಸಿಲಿಗೆ ಒಣಗುವಾಗ ಚೆಂಡು ಹೇಗೆಂದರೆ ಹಾಗೆ ಪುಟಿಯುತ್ತಿತ್ತು. ಅಂಥ ಕಡೆ ಬ್ಯಾಟ್ ಹಿಡಿದವನ ಕಷ್ಟ ಅದು. ಇದನ್ನು ಅವರು ವಿವರಿಸಿದ್ದು ಡ್ರಿಪ್ ಹಾಕಿದ್ದ ಕೈಯಲ್ಲೇ.

ಹೋದ ತಿಂಗಳು ಅವರು ತೀರಿಕೊಂಡರು. ತೊಂಬತ್ತೊಂದು ವರ್ಷ. ಮಗಳು ಬಂದು ಅವರ ಕನ್ನಡಕ, ಚಪ್ಪಲಿ ಎಲ್ಲಾ ಚೀಲಕ್ಕೆ ಹಾಕಿಕೊಂಡರು. ಆಮೇಲೆ ನನ್ನ ಕೈ ಹಿಡಿದು "ಹಿ ಹ್ಯಾಡ್ ಎ ಗುಡ್ ಇನ್ನಿಂಗ್ಸ್" ಅಂದರು. ತುಂಬು ಬಾಳು ಬಾಳಿದರು ಅಂತ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಪಾಳಿ ಮುಗಿಸಿ ಅರಸೀಕೆರೆಗೆ ಫೋನ್ ಮಾಡಿದೆ. ಅಪ್ಪನಿಗೆ ಅವರ ವಿಷಯ ಮೊದಲೇ ಗೊತ್ತಿತ್ತು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು: "ಆ ಮ್ಯಾಚಲ್ಲಿ ಕುಂಬ್ಳೆ ಬೌಲಿಂಗ್ ಬಗ್ಗೆ ಏನಾದ್ರೂ ಹೇಳಿದ್ರೇನಮ್ಮ?"